ಬ್ಯಾಲೆ: ಕಲಿಕೆಯಿಂದ ಕಸುಬಿಗೆ

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ, ಒಂಬತ್ತನೆಯ ತರಗತಿಯಲ್ಲಿ ನಾವು ಪಾಠ ಮುಗಿಸಿ ಪುಸ್ತಕ ಮಡಚುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಹಿಂದಿನ ರಾತ್ರಿ ಅವಳು ಮನೆಯವರೊಡನೆ ‘ಯೇ ಬ್ಯಾಲೆ’ ಎಂಬ ಹಿಂದಿ ಚಲಚ್ಚಿತ್ರವನ್ನು ನೋಡಿದ್ದಳಂತೆ. “ಸರ್, ಈ ಕುಣಿತವನ್ನು ಇಷ್ಟು ಕಷ್ಟಪಟ್ಟು ಕಲಿತ ಮೇಲೆ ಮುಂದೇನು? ಅದರಿಂದ ಜೀವನ ನಡೆಯುತ್ತದೆಯೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಏಕೆಂದರೆ ಆ ಪ್ರಶ್ನೆ ಬ್ಯಾಲೆಯೊಂದಕ್ಕೇ ಸೇರಿದುದಲ್ಲ. ಯಾವ ವಿದ್ಯೆಯನ್ನು ಕಲಿತವರಾದರೂ ಒಂದು ದಿನ ಅದರ ಮುಂದೆ ನಿಲ್ಲಲೇಬೇಕಾಗುತ್ತದೆ. ಅಂದು ಗಂಟೆ ಬಾರಿಸಿದುದರಿಂದ ನಮ್ಮ ಉತ್ತರ ಅರ್ಧಕ್ಕೆ ನಿಂತಿತು. ಉಳಿದುದನ್ನು ಇಲ್ಲಿ ಹೇಳಲು ಯತ್ನಿಸಿದ್ದೇವೆ.

೧. ಬ್ಯಾಲೆ ಎಂದರೇನು?

ಮೊದಲು ಹೆಸರಿನ ವಿಚಾರ. ನಮ್ಮ ದೇಶದಲ್ಲಿ ‘ಬ್ಯಾಲೆ’ ಎಂಬ ಶಬ್ದವನ್ನು ನೃತ್ಯನಾಟಕ ಎಂಬ ಅರ್ಥದಲ್ಲಿಯೂ ಬಳಸುವುದುಂಟು. ಶಾಂತಿ ಬರ್ಧನರು ೧೯೫೨ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಸ್ಥಾಪಿಸಿದ ‘ಲಿಟ್ಲ್ ಬ್ಯಾಲೆ ಟ್ರೂಪ್’ ಎಂಬ ಮಂಡಳಿಯು, ನಟರು ಗೊಂಬೆಗಳಂತೆ ಚಲಿಸುವ ರಾಮಾಯಣವನ್ನು ಪ್ರದರ್ಶಿಸಿ ಹೆಸರಾಯಿತು. ನಾವು ಇಲ್ಲಿ ವಿಚಾರಿಸುತ್ತಿರುವುದು ಅದನ್ನಲ್ಲ, ಯುರೋಪಿನ ಶಾಸ್ತ್ರೀಯ ನೃತ್ಯವನ್ನು.

ಈ ನೃತ್ಯವು ಇಟಲಿಯ ಅರಮನೆಗಳಲ್ಲಿ ಹುಟ್ಟಿ ಫ್ರಾನ್ಸಿನ ಅರಮನೆಯಲ್ಲಿ ಬೆಳೆಯಿತು. ಸ್ವತಃ ನರ್ತಕನಾಗಿದ್ದ ಹದಿನಾಲ್ಕನೆಯ ಲೂಯಿ ದೊರೆಯು ೧೬೬೧ರಲ್ಲಿ ನೃತ್ಯಕ್ಕಾಗಿಯೇ ಒಂದು ರಾಜ ಅಕಾಡೆಮಿಯನ್ನು ಸ್ಥಾಪಿಸಿದನು. ೧೭೧೩ರಲ್ಲಿ ಪ್ಯಾರಿಸಿನ ಒಪೇರಾಕ್ಕೆ ಸೇರಿದ ನೃತ್ಯಶಾಲೆ ಏರ್ಪಟ್ಟಿತು. ರಷ್ಯದಲ್ಲಿ ೧೭೩೮ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದ ಶಾಲೆ ತೆರೆಯಿತು. ಅದರ ಮೊದಲ ವಿದ್ಯಾರ್ಥಿಗಳು ಅರಮನೆಯ ಸೇವಕರ ಮಕ್ಕಳು. ರಾಜರ ವಿನೋದವು ಹೀಗೆ ಬಡವರ ಮಕ್ಕಳ ವೃತ್ತಿಯಾಯಿತೆಂಬುದನ್ನು ಗಮನಿಸತಕ್ಕದ್ದು.

ಫ್ರಾನ್ಸಿನಲ್ಲಿ ಶಾಸ್ತ್ರಬದ್ಧವಾದ ಕಾರಣ ಹೆಜ್ಜೆಗಳ ಹೆಸರುಗಳೆಲ್ಲ ಇಂದಿಗೂ ಫ್ರೆಂಚ್ ಭಾಷೆಯವು. ಮಂಡಿಗಳನ್ನು ಬಾಗಿಸುವುದು ‘ಪ್ಲಿಯೇ’. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ನೇರವಾಗಿ ಹಿಂದಕ್ಕೆ ಚಾಚುವುದು ‘ಅರಬೆಸ್ಕ್’. ಮಾಸ್ಕೋದಲ್ಲಾಗಲಿ ಟೋಕಿಯೋದಲ್ಲಾಗಲಿ ಗುರುವು ಉಚ್ಚರಿಸುವುದು ಇವೇ ಹೆಸರುಗಳನ್ನು. ಇದರಿಂದ ದೊಡ್ಡ ಪ್ರಯೋಜನವುಂಟು. ಒಂದು ದೇಶದಲ್ಲಿ ಕಲಿತವರು ಇನ್ನೊಂದು ದೇಶದ ಮಂಡಳಿಯಲ್ಲಿ, ಅಲ್ಲಿನ ಮಾತು ಬರದಿದ್ದರೂ, ಮೊದಲ ದಿನದಿಂದಲೇ ಅಭ್ಯಾಸಕ್ಕೆ ನಿಲ್ಲಬಲ್ಲರು.

೨. ಶಾಲೆಯ ವರ್ಷಗಳು

ದೊಡ್ಡ ಬ್ಯಾಲೆ ಶಾಲೆಗಳಿಗೆ ಮಕ್ಕಳು ಸುಮಾರು ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಸೇರುತ್ತಾರೆ. ಸೇಂಟ್ ಪೀಟರ್ಸ್‌ಬರ್ಗ್ ಶಾಲೆಯ ಸಾಂಪ್ರದಾಯಿಕ ಶಿಕ್ಷಣಕ್ರಮ ಎಂಟು ವರ್ಷಗಳದು. ಪ್ರತಿದಿನದ ಪಾಠವು ಗೋಡೆಯ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಅಡ್ಡಲಾಗಿ ಕಟ್ಟಿದ ಮರದ ಹಿಡಿಯ ಬಳಿ ಆರಂಭವಾಗುತ್ತದೆ. ಅದಕ್ಕೆ ‘ಬಾರ್’ ಎಂದು ಹೆಸರು. ಅದನ್ನು ಒಂದು ಕೈಯಿಂದ ಮೆಲ್ಲನೆ ಹಿಡಿದು, ಮೊದಲು ಪ್ಲಿಯೇ, ಅನಂತರ ಪಾದವನ್ನು ನೆಲಕ್ಕೆ ಸವರಿ ಚಾಚುವುದು, ಬಳಿಕ ಕಾಲನ್ನು ಎತ್ತುವುದು, ಹೀಗೆ ಸಣ್ಣ ಚಲನೆಗಳಿಂದ ದೊಡ್ಡ ಚಲನೆಗಳಿಗೆ ದೇಹವನ್ನು ಒಯ್ಯುತ್ತಾರೆ. ತರುವಾಯ ಹಿಡಿಯನ್ನು ಬಿಟ್ಟು ಕೋಣೆಯ ನಡುವೆ ಬಂದು ಸಮತೋಲ, ಸುತ್ತು, ನೆಗೆತಗಳನ್ನು ಅಭ್ಯಸಿಸುತ್ತಾರೆ. ಕಾಲನ್ನು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿಸಿರುವುದು ಈ ನೃತ್ಯದ ಮೂಲ ನಿಯಮ. ಬರಿಯ ಪಾದವನ್ನೋ ಮಂಡಿಯನ್ನೋ ಬಲವಂತವಾಗಿ ತಿರುಗಿಸಿದರೆ ಮಂಡಿ ಕೆಡುತ್ತದೆ. ಆದುದರಿಂದಲೇ ಒಳ್ಳೆಯ ಗುರುವಿಲ್ಲದೆ, ಚಿತ್ರ ನೋಡಿ ಕಲಿಯುವ ವಿದ್ಯೆ ಇದಲ್ಲ.

ಹುಡುಗಿಯರು ಕಾಲ್ಬೆರಳುಗಳ ತುದಿಯಲ್ಲಿ ನಿಲ್ಲುವುದನ್ನು ನೀವು ನೋಡಿರಬಹುದು. ಆ ಪಾದರಕ್ಷೆಯ ತುದಿಯಲ್ಲಿ ಕಬ್ಬಿಣ ಅಥವಾ ಮರದ ತುಂಡು ಇರುತ್ತದೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಬಟ್ಟೆ ಕಾಗದಗಳ ಪದರುಗಳನ್ನು ಅಂಟಿನಿಂದ ಗಟ್ಟಿಗೊಳಿಸಿ ಅದನ್ನು ಮಾಡುವುದು ವಾಡಿಕೆ. ಕೆಲವೊಮ್ಮೆ ಒಂದೇ ರಾತ್ರಿಯ ಪ್ರದರ್ಶನದಲ್ಲಿ ಒಂದು ಜೊತೆ ಸವೆದು ಮೆತ್ತಗಾಗುತ್ತದೆ. ನಿಲ್ಲಿಸುವುದು ಪಾದರಕ್ಷೆಯಲ್ಲ, ವರ್ಷಗಟ್ಟಲೆ ಬಲಗೊಳಿಸಿದ ಪಾದ. ಅದಕ್ಕಾಗಿಯೇ ಮೊದಲ ಕೆಲವು ವರ್ಷ ಅದನ್ನು ತೊಡಲು ಬಿಡುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ತಿಳಿಯಬೇಕು. ಈ ಶಾಲೆಗಳಲ್ಲಿ ನೃತ್ಯದ ಜೊತೆಗೆ ಗಣಿತ, ಭಾಷೆ, ಇತಿಹಾಸಗಳ ಪಾಠವೂ ನಡೆಯುತ್ತದೆ. ಕುಣಿಯುವವನಿಗೆ ಓದು ಬೇಡವೆಂಬ ಮಾತನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

೩. ಆಯ್ಕೆಯ ದಿನ

ಹದಿನೇಳು, ಹದಿನೆಂಟು ವಯಸ್ಸಿಗೆ ಶಾಲೆ ಮುಗಿಯುತ್ತದೆ. ಆಗ ನಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಕೆಲವು ಶಾಲೆಗಳು ದೊಡ್ಡ ಮಂಡಳಿಗಳಿಗೆ ಸೇರಿದವುಗಳಾದುದರಿಂದ ಮಂಡಳಿಯು ತನ್ನ ಶಾಲೆಯ ಕೊನೆಯ ತರಗತಿಯಿಂದ ಕೆಲವರನ್ನು ಆರಿಸಿಕೊಳ್ಳುತ್ತದೆ. ಎಲ್ಲರನ್ನೂ ಅಲ್ಲ. ಉಳಿದವರು ಊರೂರು ತಿರುಗಿ ಪರೀಕ್ಷೆಗೆ ನಿಲ್ಲಬೇಕು.

ಈ ಪರೀಕ್ಷೆ ನಮ್ಮ ಪರೀಕ್ಷೆಗಳಂತಲ್ಲ. ಅಭ್ಯರ್ಥಿಗಳು ತಮ್ಮ ಛಾಯಾಚಿತ್ರ, ಚಲಚ್ಚಿತ್ರಗಳನ್ನು ಮುಂಚಿತವಾಗಿ ಕಳುಹಿಸುತ್ತಾರೆ. ಕರೆ ಬಂದರೆ ಹೋಗಿ, ಎದೆಗೆ ಒಂದು ಅಂಕಿಯ ಚೀಟಿಯನ್ನು ಚುಚ್ಚಿಕೊಂಡು, ಹತ್ತಾರು ಮಂದಿಯ ನಡುವೆ ಒಂದು ಸಾಮಾನ್ಯ ದಿನದ ಪಾಠವನ್ನೇ ಮಾಡುತ್ತಾರೆ. ಮಂಡಳಿಯ ನಿರ್ದೇಶಕರು ಕುಳಿತು ನೋಡುತ್ತಾರೆ. ಹಲವು ಕಡೆ ಪಾಠದ ನಡುವೆಯೇ ಕೆಲವರ ಅಂಕಿಗಳನ್ನು ಓದಿ, ವಂದನೆ ಹೇಳಿ, ಮನೆಗೆ ಕಳುಹಿಸಿಬಿಡುತ್ತಾರೆ. ಕಾರಣ ಹೇಳುವುದು ಅಪರೂಪ. ಕಲೆಯಲ್ಲಿ ಕೊರತೆ ಇರಬಹುದು. ಎತ್ತರವು ಸಾಲಿಗೆ ಹೊಂದದಿರಬಹುದು. ಇಲ್ಲವೆ ಆ ವರ್ಷ ಮಂಡಳಿಯಲ್ಲಿ ಸ್ಥಾನವೇ ಖಾಲಿ ಇಲ್ಲದಿರಬಹುದು.

ಹೊಸಬರಿಗೆ ಒದಗುವ ಇನ್ನೊಂದು ಬಾಗಿಲು ಸ್ಪರ್ಧೆಗಳದು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ೧೯೭೩ರಲ್ಲಿ ಆರಂಭವಾದ ‘ಪ್ರಿ ದ ಲೊಸಾನ್’ ಎಂಬ ಸ್ಪರ್ಧೆ ಇವುಗಳಲ್ಲಿ ಪ್ರಸಿದ್ಧ. ಹದಿನೈದರಿಂದ ಹದಿನೆಂಟು ವಯಸ್ಸಿನವರಿಗೆ ಅಲ್ಲಿ ಪ್ರವೇಶ. ಗೆದ್ದವರಿಗೆ ದೊರೆಯುವ ಮುಖ್ಯ ಬಹುಮಾನವೆಂದರೆ ಒಂದು ಹೆಸರಾಂತ ಶಾಲೆಯಲ್ಲಿ ಅಥವಾ ಮಂಡಳಿಯಲ್ಲಿ ಒಂದು ವರ್ಷ ಕಲಿಯುವ ವಿದ್ಯಾರ್ಥಿವೇತನ. ಗೆದ್ದವರಿಗೂ ಇನ್ನಷ್ಟು ಕಲಿಯುವ ಅವಕಾಶವನ್ನೇ ಬಹುಮಾನವಾಗಿ ಕೊಡುತ್ತಾರೆ, ನೋಡಿರಿ.

ಸ್ಥಾನ ದೊರೆತರೂ ಕೂಡಲೇ ಪೂರ್ಣ ಸಂಬಳ ಬರುವುದಿಲ್ಲ. ಅನೇಕ ಮಂಡಳಿಗಳಲ್ಲಿ ಮೊದಲ ಒಂದೆರಡು ವರ್ಷ ಉಮೇದುವಾರಿ ಮಾಡಬೇಕು, ಇಲ್ಲವೆ ಕಿರಿಯರ ಮಂಡಳಿಯಲ್ಲಿ ದುಡಿಯಬೇಕು. ಕರಾರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಗುವಂಥದು.

೪. ಸಾಲಿನಲ್ಲಿ ನಿಲ್ಲುವ ಪಾಠ

ಇಲ್ಲಿಗೆ ನಮ್ಮ ವಿಷಯದ ತಿರುಳಿಗೆ ಬಂದೆವು. ಶಾಲೆಯಲ್ಲಿ ಮೊದಲನೆಯವಳಾಗಿದ್ದ ಹುಡುಗಿ ಮಂಡಳಿಗೆ ಸೇರಿದೊಡನೆ ಕೊನೆಯವಳಾಗುತ್ತಾಳೆ. ಶಾಲೆಯ ಕೊನೆಯ ಪ್ರದರ್ಶನದಲ್ಲಿ ಆಕೆ ನಾಯಕಿಯ ಪಾತ್ರ ವಹಿಸಿರಬಹುದು. ಮಂಡಳಿಯಲ್ಲಿ ಆಕೆಗೆ ಸಿಗುವುದು ಹಿಂದಿನ ಸಾಲು. ಈ ಸಾಲಿನವರನ್ನು ಒಟ್ಟಾಗಿ ‘ಕೋರ್ ದ ಬ್ಯಾಲೆ’ ಎನ್ನುತ್ತಾರೆ. ಬ್ಯಾಲೆಯ ದೇಹ ಎಂದು ಅದರ ಅರ್ಥ.

ಈ ಸಾಲಿನ ಕೆಲಸವನ್ನು ತಿಳಿಯಲು ಒಂದು ದೃಷ್ಟಾಂತ ಸಾಕು. ಮಾರಿಯುಸ್ ಪೆತಿಪಾ ಎಂಬಾತ ೧೮೭೭ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಲಾ ಬಯಾಡೇರ್’ ಎಂಬ ಬ್ಯಾಲೆಯನ್ನು ಸಂಯೋಜಿಸಿದನು. ಕಥೆ ನಡೆಯುವುದು ನಮ್ಮ ದೇಶದಲ್ಲಿ. ನಾಯಕಿ ನಿಕಿಯಾ ದೇವಾಲಯದ ನರ್ತಕಿ, ನಾಯಕ ಸೊಲೋರ್ ಒಬ್ಬ ಯೋಧ. ಅದರ ಇಂಡಿಯಾ ಬಹುಮಟ್ಟಿಗೆ ಕಲ್ಪನೆಯ ದೇಶವೇ ಸರಿ. ಅದು ಹಾಗಿರಲಿ. ಅದರಲ್ಲಿ ‘ನೆರಳುಗಳ ರಾಜ್ಯ’ ಎಂಬ ದೃಶ್ಯವುಂಟು. ರಂಗದ ಹಿಂಭಾಗದಲ್ಲಿ ಒಂದು ಇಳಿಜಾರು. ಬಿಳಿಯ ಉಡುಪಿನ ನರ್ತಕಿಯರು ಅದರ ಮೇಲಿಂದ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಪ್ರತಿಯೊಬ್ಬಳೂ ಒಂದೇ ಅರಬೆಸ್ಕ್ ಭಂಗಿ, ಬಳಿಕ ಹಿಂದಕ್ಕೆ ಬಾಗಿ ಒಂದೆರಡು ಹೆಜ್ಜೆ, ಮತ್ತೆ ಅದೇ ಅರಬೆಸ್ಕ್. ಒಬ್ಬಳ ಹಿಂದೆ ಒಬ್ಬಳು, ದೊಡ್ಡ ಮಂಡಳಿಗಳಲ್ಲಿ ೩೨ ಮಂದಿ, ಕೆಲವೆಡೆ ೨೪, ಹಾವಿನಂತೆ ಬಳಸಿ ಬಂದು ಇಡೀ ರಂಗವನ್ನು ತುಂಬುತ್ತಾರೆ. ಮೊದಲು ಇಳಿದವಳು ಆ ಭಂಗಿಯನ್ನು ಎಲ್ಲರಿಗಿಂತ ಹೆಚ್ಚು ಸಲ ಮಾಡಬೇಕು. ಒಬ್ಬಳ ಕಾಲು ನಡುಗಿದರೆ ಸಾವಿರ ಕಣ್ಣು ಅವಳ ಮೇಲೆ ಬೀಳುತ್ತದೆ. ಯಾರ ಕಾಲೂ ನಡುಗದಿದ್ದರೆ ಯಾರ ಹೆಸರನ್ನೂ ಯಾರೂ ಕೇಳುವುದಿಲ್ಲ. ಆದರೂ ನೋಡಿದವರು ಮನೆಗೆ ಒಯ್ಯುವುದು ಆ ದೃಶ್ಯವನ್ನೇ.

ಶಾಲೆಯಲ್ಲಿ ಕಲಿತುದು ತನ್ನ ಹೆಜ್ಜೆಯನ್ನು ಸರಿಯಾಗಿ ಹಾಕುವುದು. ಮಂಡಳಿಯಲ್ಲಿ ಕಲಿಯಬೇಕಾದುದು ಪಕ್ಕದವಳ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸುವುದು. ಎಷ್ಟು ಎತ್ತರಕ್ಕೆ ಕಾಲೆತ್ತಬಲ್ಲೆನೆಂಬುದು ಅಲ್ಲಿ ಮುಖ್ಯವಲ್ಲ. ಎಲ್ಲರ ಕಾಲು ಎಲ್ಲಿ ನಿಂತಿತೋ ತನ್ನದೂ ಅಲ್ಲಿಯೇ ನಿಲ್ಲಬೇಕು. ಇದರ ಜೊತೆಗೆ, ಒಬ್ಬರು ಗಾಯಗೊಂಡರೆ ಅಂದು ಸಂಜೆಯೇ ಅವರ ಸ್ಥಾನದಲ್ಲಿ ನಿಲ್ಲಲು ಸಾಧ್ಯವಾಗುವಂತೆ, ತನ್ನದಲ್ಲದ ಪಾತ್ರಗಳನ್ನೂ ಮೂಲೆಯಲ್ಲಿ ನಿಂತು ಕಲಿತಿರಬೇಕು. ಬೆಳಗ್ಗೆ ಪಾಠ, ಹಗಲು ತಾಲೀಮು, ರಾತ್ರಿ ಪ್ರದರ್ಶನ, ಮರುದಿನ ಮತ್ತೆ ಪಾಠ. ಕೆಲಸ ದೊರೆತ ಮೇಲೂ ನರ್ತಕರ ದಿನ ಆರಂಭವಾಗುವುದು ಅದೇ ಬಾರಿನ ಬಳಿ, ಅದೇ ಪ್ಲಿಯೇಯಿಂದ.

ಇದು ನಮಗೆ ತೀರ ಹೊಸತೇನೂ ಅಲ್ಲ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಹೊಸಬನಾದ ಹುಡುಗನು ಮೊದಲು ಪೂರ್ವರಂಗದ ಕೋಡಂಗಿಯಾಗಿ, ಬಾಲಗೋಪಾಲನಾಗಿ ಹೆಜ್ಜೆ ಹಾಕಿ, ವರ್ಷಗಳ ತರುವಾಯ ಪ್ರಸಂಗದ ದೊಡ್ಡ ವೇಷಕ್ಕೆ ಏರುವ ಸಂಪ್ರದಾಯವನ್ನು ನಿಮ್ಮಲ್ಲಿ ಕೆಲವರ ಹಿರಿಯರು ಬಲ್ಲರು. ಪ್ಯಾರಿಸಿನ ಒಪೇರಾ ಮಂಡಳಿಯಲ್ಲಿಯೂ ಐದು ಮೆಟ್ಟಲುಗಳುಂಟು. ಕೆಳಗಿನದು ‘ಕಾದ್ರಿಲ್’, ಮೇಲಿನದು ‘ಎತ್ವಾಲ್’, ಅಂದರೆ ನಕ್ಷತ್ರ. ನಕ್ಷತ್ರವಾಗುವವರು ಕೆಲವರೇ.

೫. ಇಬ್ಬರು ಸಹಶಾಲೆಯವರು

ಒಂದೇ ಶಾಲೆಯಿಂದ ಹೊರಬಂದ ಇಬ್ಬರ ಜೀವನವನ್ನು ಹೋಲಿಸಿ ನೋಡೋಣ.

ಅನ್ನಾ ಪಾವ್ಲೋವಾ ೧೮೮೧ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದಳು. ತಾಯಿ ಬಟ್ಟೆ ಒಗೆದು ಜೀವಿಸುತ್ತಿದ್ದವಳು. ಹುಡುಗಿ ಒಂದು ಬ್ಯಾಲೆಯನ್ನು ನೋಡಿ ಬಂದು ನರ್ತಕಿಯಾಗುವೆನೆಂದು ಹಟ ಹಿಡಿದಳು. ಶಾಲೆಯವರು ಮೊದಲ ಸಲ ಸೇರಿಸಿಕೊಳ್ಳಲಿಲ್ಲ. ೧೮೯೧ರಲ್ಲಿ ಪ್ರವೇಶ ದೊರೆಯಿತು. ಆಕೆಯ ದೇಹ ತೆಳು, ಕಾಲಿನ ಹರಡು ದುರ್ಬಲ. ಅಂದಿನ ಜನ ಮೆಚ್ಚುತ್ತಿದ್ದ ಬಲಿಷ್ಠ ನರ್ತಕಿಯರ ಕಸರತ್ತುಗಳನ್ನು ಅನುಕರಿಸಬೇಡವೆಂದೂ, ತನ್ನ ಸುಕುಮಾರತೆಯನ್ನೇ ಬಲವಾಗಿ ಮಾಡಿಕೊಳ್ಳೆಂದೂ ಗುರು ಪಾವೆಲ್ ಗೆರ್ಟ್ ತಿಳಿಹೇಳಿದನು. ೧೮೯೯ರಲ್ಲಿ ಆಕೆ ಮಾರಿಯಿನ್ಸ್ಕಿ ರಂಗಮಂದಿರದ ಮಂಡಳಿಯನ್ನು ಸೇರಿ, ೧೯೦೬ರಲ್ಲಿ ಅದರ ಅತ್ಯುನ್ನತ ಪದವಿಯನ್ನು ಪಡೆದಳು. ಹೆಸರು ಬಂದ ಮೇಲೂ ಎನ್ರಿಕೋ ಚೆಕೆಟ್ಟಿ ಎಂಬ ಇಟಲಿಯ ಗುರುವಿನ ಬಳಿ ಶಿಷ್ಯಳಾಗಿ ಪಾಠ ಹೇಳಿಸಿಕೊಂಡಳು. ಮುಂದೆ ಸ್ವಂತ ಮಂಡಳಿ ಕಟ್ಟಿ, ಲೋಕವನ್ನೆಲ್ಲ ಸುತ್ತಿ, ೧೯೩೧ರಲ್ಲಿ ಪ್ರವಾಸದಲ್ಲಿದ್ದಾಗಲೇ ತೀರಿಕೊಂಡಳು.

ಅಗ್ರಿಪಿನಾ ವಾಗನೋವಾ ೧೮೭೯ರಲ್ಲಿ ಹುಟ್ಟಿದವಳು. ಅದೇ ಶಾಲೆಯಿಂದ ೧೮೯೭ರಲ್ಲಿ ಅದೇ ಮಂಡಳಿಗೆ ಸೇರಿದಳು. ಆದರೆ ಪಾವ್ಲೋವಾಳಿಗೆ ಏಳು ವರ್ಷದಲ್ಲಿ ದೊರೆತುದು ಈಕೆಗೆ ಹದಿನೆಂಟು ವರ್ಷ ದೊರೆಯಲಿಲ್ಲ. ೧೯೧೫ರಲ್ಲಿ ‘ಬ್ಯಾಲೆರಿನಾ’ ಎಂಬ ಪದವಿ ಬಂದಿತು, ೧೯೧೬ರಲ್ಲಿ ಆಕೆ ರಂಗದಿಂದ ನಿವೃತ್ತಳಾದಳು. ಲೋಕದ ಲೆಕ್ಕದಲ್ಲಿ ಇದು ಸೋಲು. ಆದರೆ ಆಕೆ ಇಷ್ಟು ವರ್ಷ ಸುಮ್ಮನೆ ನಿಂತಿರಲಿಲ್ಲ. ಯಾವ ಹೆಜ್ಜೆಗೆ ದೇಹದ ಯಾವ ಭಾಗ ಏಕೆ ಚಲಿಸಬೇಕೆಂಬುದನ್ನು ತನ್ನ ಮೇಲೆಯೇ ಪರೀಕ್ಷಿಸಿ ಕಂಡುಕೊಂಡಿದ್ದಳು. ಆಕೆ ಗುರುವಾದಳು. ೧೯೩೪ರಲ್ಲಿ ಆಕೆಯ ಶಾಸ್ತ್ರಗ್ರಂಥ ಪ್ರಕಟವಾಯಿತು. ೧೯೫೧ರಲ್ಲಿ ತೀರಿಕೊಂಡಳು. ೧೯೫೭ರಲ್ಲಿ ಆ ಹಳೆಯ ಶಾಲೆಗೆ ಆಕೆಯ ಹೆಸರನ್ನೇ ಇಟ್ಟರು. ಇಂದು ಅದು ವಾಗನೋವಾ ಅಕಾಡೆಮಿ.

ಒಬ್ಬಳು ಬೇಗ ಏರಿದಳು, ಇನ್ನೊಬ್ಬಳು ತಡವಾಗಿ. ಇಬ್ಬರಿಗೂ ಸಮಾನವಾಗಿದ್ದುದು ಒಂದೇ: ವೃತ್ತಿ ದೊರೆಯಿತೆಂದು ಕಲಿಕೆಯನ್ನು ನಿಲ್ಲಿಸಲಿಲ್ಲ.

೬. ದೇಹದ ಅವಧಿ

ಈ ವೃತ್ತಿಯ ಕಠಿನ ಸತ್ಯವನ್ನೂ ಮರೆಮಾಚಬಾರದು. ವಕೀಲನಿಗೆ ಐವತ್ತರಲ್ಲಿ ಕೀರ್ತಿ ಬರಬಹುದು. ನರ್ತಕರಿಗೆ ಆ ಸೌಕರ್ಯವಿಲ್ಲ. ಪ್ಯಾರಿಸಿನ ಒಪೇರಾದಲ್ಲಿ ೪೨ನೆಯ ವಯಸ್ಸಿಗೆ ನಿವೃತ್ತಿ. ಅನೇಕರು ಅದಕ್ಕೂ ಮುಂಚೆ, ಗಾಯದಿಂದಲೋ ಆಯಾಸದಿಂದಲೋ, ನಿಲ್ಲಿಸುತ್ತಾರೆ. ಹರಡು ಉಳುಕುವುದು, ಪಾದದ ಮೂಳೆಯಲ್ಲಿ ಬಿರುಕು ಕಾಣಿಸುವುದು ಅವರಿಗೆ ಅಪರೂಪದ ಮಾತಲ್ಲ. ಅಮೆರಿಕದ ಮಿಸ್ಟಿ ಕೋಪ್ಲಂಡ್ ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ ಬಹಳ ತಡವಾಗಿ, ಕಲಿಯತೊಡಗಿದವಳು. ೨೦೦೧ರಲ್ಲಿ ‘ಅಮೆರಿಕನ್ ಬ್ಯಾಲೆ ಥಿಯೇಟರ್’ ಮಂಡಳಿಯ ಸಾಲಿಗೆ ಸೇರಿದಳು. ೨೦೧೨ರಲ್ಲಿ ಮೊಳಕಾಲಿನ ಕೆಳಗಿನ ಮೂಳೆ ಬಿರುಕು ಬಿಟ್ಟು ಶಸ್ತ್ರಚಿಕಿತ್ಸೆಯಾಯಿತು. ಮತ್ತೆ ಬಾರಿನ ಬಳಿ ಮೊದಲಿನಿಂದ ಆರಂಭಿಸಿ, ೨೦೧೫ರಲ್ಲಿ ಆ ಮಂಡಳಿಯ ಪ್ರಧಾನ ನರ್ತಕಿಯಾದಳು. ಆ ಸ್ಥಾನವನ್ನು ಅಲ್ಲಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಆಕೆ. ಸಾಲಿನಿಂದ ಅಲ್ಲಿಗೆ ಹದಿನಾಲ್ಕು ವರ್ಷ.

ಆದುದರಿಂದ ಬ್ಯಾಲೆ ಕಲಿಯುವವರು ಒಂದಲ್ಲ, ಎರಡು ವೃತ್ತಿಗಳಿಗೆ ಸಿದ್ಧರಾಗಬೇಕು. ರಂಗದಿಂದ ಇಳಿದ ಮೇಲೆ ಕೆಲವರು ಗುರುಗಳಾಗುತ್ತಾರೆ, ಕೆಲವರು ತಾಲೀಮು ನಡೆಸುತ್ತಾರೆ, ಕೆಲವರು ನೃತ್ಯ ಸಂಯೋಜಿಸುತ್ತಾರೆ. ಇನ್ನು ಕೆಲವರು ತೀರ ಬೇರೆಯ ವಿದ್ಯೆಯನ್ನು ಹೊಸದಾಗಿ ಕಲಿಯುತ್ತಾರೆ. ಇಂಥವರ ಮರುಶಿಕ್ಷಣಕ್ಕೆ ನೆರವಾಗಲೆಂದೇ ಇಂಗ್ಲೆಂಡಿನಲ್ಲಿ ೧೯೭೩ರಲ್ಲಿ ಒಂದು ನಿಧಿಯನ್ನು ಏರ್ಪಡಿಸಿದರು. ನೃತ್ಯಶಾಲೆಯಲ್ಲಿ ಗಣಿತ, ಇತಿಹಾಸಗಳನ್ನು ಏಕೆ ಬಿಡುವುದಿಲ್ಲವೆಂಬುದು ಈಗ ನಿಮಗೆ ತಿಳಿದಿರಬೇಕು.

೭. ನಮ್ಮ ನಗರದ ಮಾತು

ಈ ವಿಷಯಕ್ಕೂ ನಮ್ಮ ನಗರಕ್ಕೂ ಹಳೆಯ ನಂಟುಂಟು. ೧೯೨೮ರಲ್ಲಿ ಪಾವ್ಲೋವಾ ಮುಂಬಯಿಗೆ ಬಂದು ನರ್ತಿಸಿದಾಗ ನೋಡಿದವರಲ್ಲಿ ರುಕ್ಮಿಣೀದೇವಿಯವರು ಒಬ್ಬರು. ಮುಂದೆ ಆಸ್ಟ್ರೇಲಿಯಕ್ಕೆ ಹೋಗುವ ಹಡಗಿನಲ್ಲಿ ಇಬ್ಬರಿಗೂ ಸ್ನೇಹ ಬೆಳೆಯಿತು. ಪಾವ್ಲೋವಾಳ ಮಂಡಳಿಯ ಕ್ಲಿಯೋ ನೋರ್ಡಿಯಿಂದ ರುಕ್ಮಿಣೀದೇವಿಯವರು ಬ್ಯಾಲೆಯನ್ನು ಕಲಿತರು. ನಿಮ್ಮ ದೇಶದ ನೃತ್ಯವನ್ನೂ ಹುಡುಕಿ ನೋಡಿರೆಂದು ಪಾವ್ಲೋವಾ ಸಲಹೆಯಿತ್ತಳು. ಅವರು ಭರತನಾಟ್ಯವನ್ನು ಗುರುಮುಖದಿಂದ ಕಲಿತು, ೧೯೩೬ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಬ್ಯಾಲೆ ಕಲಿತವರು ಬ್ಯಾಲೆಯ ರಂಗವನ್ನೇ ಏರಬೇಕೆಂಬ ನಿಯಮವಿಲ್ಲ. ಆ ಶಿಸ್ತು ಇನ್ನೊಂದು ಕಲೆಗೂ ಬೇರಾಗಬಹುದು.

ಇನ್ನು ನಮ್ಮ ವಿದ್ಯಾರ್ಥಿನಿ ನೋಡಿದ ಚಲಚ್ಚಿತ್ರ. ಸೂನಿ ತಾರಾಪೋರ್‌ವಾಲಾ ಅವರು ನಿರ್ದೇಶಿಸಿದ ಈ ಚಿತ್ರ ೨೦೨೦ರಲ್ಲಿ ಬಿಡುಗಡೆಯಾಯಿತು. ಮುಂಬಯಿ ಸೀಮೆಯ ಇಬ್ಬರು ಹುಡುಗರ ನಿಜ ಜೀವನವೇ ಅದಕ್ಕೆ ಆಧಾರ. ಅಮೀರುದ್ದೀನ್ ಶಾಹ್ ಬೆಸುಗೆ ಕೆಲಸದವರ ಮಗ. ಮನೀಶ್ ಚೌಹಾಣ್ ಟ್ಯಾಕ್ಸಿ ಚಾಲಕರ ಮಗ. ಇಸ್ರೇಲ್ ಮೂಲದ ಯೆಹೂದಾ ಮಾವೋರ್ ಎಂಬ ಗುರು ಇವರಿಗೆ ಇಲ್ಲಿಯೇ ಬ್ಯಾಲೆ ಕಲಿಸಿದರು. ಅಮೀರುದ್ದೀನನಿಗೆ ೨೦೧೭ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿನಲ್ಲಿ ಪ್ರವೇಶ ದೊರೆಯಿತು. ಮನೀಶ್ ಬ್ಯಾಲೆಯನ್ನು ಹಿಡಿದದ್ದೇ ಎಲ್ಲರೂ ತಡವಾಯಿತೆನ್ನುವ ವಯಸ್ಸಿನಲ್ಲಿ. ಚಿತ್ರದಲ್ಲಿ ಆತನ ಪಾತ್ರವನ್ನು ಆತನೇ ಮಾಡಿದ್ದಾನೆ.

೮. ಉತ್ತರ

ಹಾಗಾದರೆ ಆ ವಿದ್ಯಾರ್ಥಿನಿಗೆ ನಾವು ಕೊಡುವ ಉತ್ತರವೇನು? ಇದರಿಂದ ಜೀವನ ನಡೆಯುತ್ತದೆಯೆ? ಕೆಲವರಿಗೆ ನಡೆಯುತ್ತದೆ. ಹಲವರಿಗೆ ನಡೆಯುವುದಿಲ್ಲ. ಸುಳ್ಳು ಹೇಳಿ ಹುರಿದುಂಬಿಸುವುದು ಗುರುವಿನ ಕೆಲಸವಲ್ಲ. ಆದರೆ ಹೆದರಿಸಿ ಹಿಂದಿರುಗಿಸುವುದೂ ನಮ್ಮ ಕೆಲಸವಲ್ಲ. ಕಲೆಯನ್ನು ವೃತ್ತಿಯಾಗಿ ಆರಿಸಬಯಸುವವರು ಮೂರು ಮಾತುಗಳನ್ನು ತಮ್ಮೊಳಗೆ ಕೇಳಿಕೊಳ್ಳಲಿ. ನಮಗೆ ಸರಿಯಾದ ಗುರು ದೊರೆತಿರುವರೆ? ಶಾಲೆಯ ಓದನ್ನು ಕೈಬಿಡದೆ ನಡೆಸಬಲ್ಲೆವೆ? ಇಲ್ಲಿ ಮೊದಲನೆಯವರಾಗಿದ್ದು ಅಲ್ಲಿ ಕೊನೆಯವರಾಗಿ ನಿಲ್ಲುವ ಮನಸ್ಸುಂಟೆ?

ಮೂರನೆಯದೇ ಕಠಿನ. ನಾವು ಊರಿನ ಕನ್ನಡ ಶಾಲೆಯಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿ ಈ ನಗರಕ್ಕೆ ಬಂದಿಳಿದಾಗ, ಇಂಗ್ಲಿಷಿನ ಅರ್ಜಿಯೊಂದನ್ನು ತುಂಬಲಾರದೆ, ಸರದಿಯಲ್ಲಿ ನಮ್ಮ ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು ನಿಂತಿದ್ದೆವು. ಕಲಿತುದೆಲ್ಲ ವ್ಯರ್ಥವಾಯಿತೆಂದು ಅಂದು ತೋರಿತು. ವ್ಯರ್ಥವಾಗಿರಲಿಲ್ಲ. ಕನ್ನಡದಲ್ಲಿ ಕಲಿತ ಓದುವ ಕ್ರಮದಿಂದಲೇ ಮುಂದೆ ಇಂಗ್ಲಿಷನ್ನೂ ಮರಾಠಿಯನ್ನೂ ಕಲಿತೆವು. ನಮ್ಮ ಶಾಲೆಯಿಂದ ಹೊರಟು ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲಿರುವ ನಿಮಗೂ ಆ ದಿನ ಬರುವುದು. ಅಂದು ನೆರಳುಗಳ ಸಾಲನ್ನು ನೆನೆಯಿರಿ. ಹಿಂದಿನ ಸಾಲು ಶಿಕ್ಷೆಯಲ್ಲ, ವೃತ್ತಿಯ ಮೊದಲ ತರಗತಿ.

ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಈ ವರ್ಷದ ವಾರ್ಷಿಕೋತ್ಸವದ ಕೋಲಾಟದಲ್ಲಿ ಅವಳಿಗೆ ದೊರೆತದ್ದು ಹಿಂದಿನ ಸಾಲಿನ ಕೊನೆಯ ಸ್ಥಾನ. ನಾವು ಪಕ್ಕದಲ್ಲಿಯೇ ನಿಂತು ನೋಡುತ್ತಿದ್ದೆವು. ಅವಳ ಕೋಲು ಒಮ್ಮೆಯೂ ತಾಳ ತಪ್ಪಲಿಲ್ಲ.